ಕುದಿಯುವ ಸಾಂಬಾರನ್ನು ಕವರಿಗೆ ಸುರಿಯುವುದನ್ನು ನಿಲ್ಲಿಸಬೇಕು

2025ರ ಫೆಬ್ರುವರಿ ಕೊನೆಯಲ್ಲಿ, ಇಡ್ಲಿ ಬೇಯಿಸುವಾಗ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದಾಗ ಇಡ್ಲಿ ತಿನ್ನುವವರೆಲ್ಲ ಬೆಚ್ಚಿದ್ದರು. ಅಧಿಕಾರಿಗಳು ಸುಮಾರು 250 ಕಡೆ ತಪಾಸಣೆ ಮಾಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಇತ್ತು. ನಿಷೇಧ ಒಳ್ಳೆಯದೇ. ಆದರೆ ಬಟ್ಟೆಯ ಮೇಲೆ ಬೆಂದ ಅದೇ ಇಡ್ಲಿಗೆ ಪಾರ್ಸೆಲ್ ಕೊಡುವಾಗ ಏನು ನಡೆಯುತ್ತದೆ ಎಂಬುದನ್ನು ಯಾವುದೇ ದರ್ಶಿನಿಯ ಕೌಂಟರ್ ಪಕ್ಕ ನಿಂತು ನೋಡಿ.

ಒಲೆಯ ಮೇಲೆ ಇನ್ನೂ ಕುದಿಯುತ್ತಿರುವ ಪಾತ್ರೆಗೆ ಸೌಟು ಇಳಿಯುತ್ತದೆ. ಹುಡುಗ ತೆಳ್ಳನೆಯ ಕವರಿನ ಬಾಯನ್ನು ಎರಡೇ ಬೆರಳಲ್ಲಿ ಹಿಡಿದಿರುತ್ತಾನೆ. ಕೆಳಗೆ ಮುಟ್ಟಿದರೆ ಕೈ ಸುಡುತ್ತದೆ. ಸಾಂಬಾರು ಬಿದ್ದ ಕೂಡಲೇ ಕವರ್ ಮೆತ್ತಗಾಗಿ ಜೋಲುತ್ತದೆ, ಒಳಗೆಲ್ಲ ಹಬೆ ಕಟ್ಟುತ್ತದೆ. ಗಾಳಿ ಸೇರಿಸಿ ತಿರುಚಿ ರಬ್ಬರ್ ಬ್ಯಾಂಡ್ ಬಿಗಿದರೆ ಮುಗಿಯಿತು. ಮನೆ ತಲುಪಿ ತಟ್ಟೆಗೆ ಸುರಿಯುವವರೆಗೂ ಆ ಸಾಂಬಾರು ಅದರೊಳಗೇ ಬಿಸಿಯಾಗಿರುತ್ತದೆ. ಎರಡು ವರ್ಷದ ಮಗುವಿಗೆ ಅದರಲ್ಲೇ ಇಡ್ಲಿ ಕಿವುಚಿ ತಿನ್ನಿಸುತ್ತೇವೆ.

ಪ್ಲಾಸ್ಟಿಕ್ ಎಂದರೆ ಬರೀ ಪ್ಲಾಸ್ಟಿಕ್ ಅಲ್ಲ. ಮೆದುವಾಗಲು, ಬಣ್ಣ ಬರಲು, ಬೇಗ ಹಾಳಾಗದಿರಲು ಅದರಲ್ಲಿ ಬಗೆಬಗೆಯ ರಾಸಾಯನಿಕಗಳನ್ನು ಬೆರೆಸುತ್ತಾರೆ. ಇವುಗಳಲ್ಲಿ ಹಲವು ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಬಿಸಿ ಹೆಚ್ಚಾದಷ್ಟೂ ಬೇಗ ಕಳಚಿಕೊಳ್ಳುತ್ತವೆ, ಎಣ್ಣೆ ಸಿಕ್ಕರೆ ಇನ್ನೂ ಸುಲಭ. ನಮ್ಮ ಸಾಂಬಾರಿನಲ್ಲಿ ಬಿಸಿಯೂ ಇದೆ, ಒಗ್ಗರಣೆಯ ಎಣ್ಣೆಯೂ ಇದೆ. ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಥ್ಯಾಲೇಟ್‌ಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸವನ್ನೇ ಕೆಡಿಸುತ್ತವೆ. ಒಳ್ಳೆಯ ಪಾಲಿಥೀನ್‌ಗೆ ಥ್ಯಾಲೇಟ್ ಬೇಕಿಲ್ಲ ಎಂದು ತಿಳಿದವರು ಹೇಳುತ್ತಾರೆ, ಅದು ನಿಜ. ಆದರೆ ಕೆ.ಜಿ. ಲೆಕ್ಕದಲ್ಲಿ ಮಾರುವ, ತಯಾರಕರ ಹೆಸರೇ ಇಲ್ಲದ ಕವರ್ ಯಾವ ಕಾರ್ಖಾನೆಯಿಂದ, ಯಾವ ಹಳೆಯ ಪ್ಲಾಸ್ಟಿಕ್ ಕರಗಿಸಿ ಬಂತು ಎಂದು ಹೋಟೆಲ್ ಮಾಲೀಕರಿಗೂ ಗೊತ್ತಿರುವುದಿಲ್ಲ.

ಪಾಲಿಥೀನ್ ಶುದ್ಧವಾಗಿದ್ದರೂ ನನ್ನ ಚಿಂತೆ ಹೋಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಇಟಲಿಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಪರೀಕ್ಷಿಸಿದಾಗ 257 ರೋಗಿಗಳ ಪೈಕಿ 150 ಮಂದಿಯಲ್ಲಿ ಪಾಲಿಥೀನ್ ಸಿಕ್ಕಿತು. ಹೀಗೆ ಪ್ಲಾಸ್ಟಿಕ್ ಸಿಕ್ಕವರಿಗೆ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ, ಅಧ್ಯಯನ ಮಾಡಿದವರೂ ಹಾಗೆ ಹೇಳಿಲ್ಲ. ಆದರೂ ಅದನ್ನು ಓದಿದ ಮೇಲೆ ಬಿಸಿ ಕವರನ್ನು ಕೈಯಲ್ಲಿ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ.

ಹೋಟೆಲಿನವರನ್ನು ಖಳರನ್ನಾಗಿ ಮಾಡುವುದು ಅನ್ಯಾಯ. ಇಡ್ಲಿ ಬಟ್ಟೆಯನ್ನು ದಿನವೂ ಒಗೆದು ಒಣಗಿಸಲು ಜನ ಬೇಕು, ನೀರು ಬೇಕು. ಹಾಳೆಯಾದರೆ ಎಳೆದು ಬಿಸಾಡಿದರಾಯಿತು. ಪಾರ್ಸೆಲಿಗೂ ಕವರಿನಷ್ಟು ಅಗ್ಗದ್ದು ಬೇರೊಂದಿಲ್ಲ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಇಂದಿಗೂ ಕಡುಬು ಬೇಯುತ್ತದೆ. ಆ ಕೊಟ್ಟೆ ಕಟ್ಟಲು ಕೂರುವ ಕೈಗಳು ನಗರದ ಅಡುಗೆಮನೆಯಲ್ಲಿ ಎಲ್ಲಿವೆ?

ಕಾನೂನು ಇಲ್ಲವೆಂದಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆಹಾರದ ಪ್ಯಾಕಿಂಗ್‌ಗೆಂದೇ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ಪ್ಲಾಸ್ಟಿಕ್‌ನಿಂದ ಒಂದು ಕೆ.ಜಿ. ಆಹಾರಕ್ಕೆ 60 ಮಿಲಿಗ್ರಾಂಗಿಂತ ಹೆಚ್ಚು ಪದಾರ್ಥ ಸೇರಬಾರದು ಎಂಬ ಮಿತಿಯೂ ಅದರಲ್ಲಿದೆ. ಸಾಂಬಾರು ತುಂಬುವ ಕವರುಗಳನ್ನು ಈ ಪರೀಕ್ಷೆಗೆ ಒಡ್ಡಬೇಕು ಎಂಬುದೇ ನನ್ನ ಒತ್ತಾಯ. ಬೀದಿಬದಿಯ ಇಡ್ಲಿ ಗಾಡಿಯ ಮೇಲೆ ದಾಳಿ ಮಾಡಿ ದಂಡ ಹಾಕುವುದಕ್ಕಿಂತ, ಕವರನ್ನು ಮೂಟೆಗಟ್ಟಲೆ ಮಾರುವ ಸಗಟು ಅಂಗಡಿಗಳಿಂದ ಮಾದರಿ ತೆಗೆಯಿರಿ. ಕುದಿಯುವ ಎಣ್ಣೆ-ಹುಳಿಯ ಸಾರು ಹಾಕಿ ಪರೀಕ್ಷಿಸಿ, ಏನು ಸಿಕ್ಕಿತು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ. ಡಬ್ಬಿ ತಂದ ಗಿರಾಕಿಗೆ ಪಾರ್ಸೆಲ್ ಶುಲ್ಕ ಹಾಕಬಾರದು ಎಂದು ಹೋಟೆಲ್ ಮಾಲೀಕರ ಸಂಘಗಳು ನಾಳೆಯೇ ತೀರ್ಮಾನಿಸಬಹುದು. ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.