ಫೋಲ್ಡರ್ ಒಂದೇ ಸಾಲದು

ಮನೆಯ ಡಿಜಿಟಲ್ ಫೋಟೊಗಳನ್ನು ಜೋಡಿಸಿಡೋ ಬಗ್ಗೆ ನಿಮ್ಮ ಲೇಖನದಲ್ಲಿ ವರ್ಷ, ಸಮಾರಂಭದ ಪ್ರಕಾರ ಫೋಲ್ಡರ್ ಮಾಡಿ ಅಂತ ಬರೆದಿದ್ದೀರಿ, ಸರಿ. ಆದರೆ ಒಂದೇ ಫೋಟೊ ‘ಗೃಹಪ್ರವೇಶ’ದಲ್ಲೂ ಬೇಕು, ‘ಅಜ್ಜಿ’ಯಲ್ಲೂ ಬೇಕು ಅಂದಾಗ ಟ್ಯಾಗೇ ಗತಿ, ಅಂದರೆ ಫೋಟೊಗೆ ಅಂಟಿಸೋ ಹೆಸರಿನ ಚೀಟಿ; ಒಂದೇ ಫೋಟೊಗೆ ಎಷ್ಟು ಬೇಕಾದರೂ ಹಾಕಬಹುದು. ನಾನು ಬಳಸೋದು ಡಿಜಿಕ್ಯಾಮ್ ಅನ್ನೋ ಫೋಟೊ ಜೋಡಿಸುವ ತಂತ್ರಾಂಶ, ಉಚಿತ. ಟ್ಯಾಗನ್ನು ಫೋಟೊ ಫೈಲಿಗೇ ಬರೆಯುವ ಆಯ್ಕೆ ಆನ್ ಇರಲಿ. ನಾಳೆ ತಂತ್ರಾಂಶ ಬದಲಾಯಿಸಿದರೂ ಹೆಸರುಗಳು ಜೊತೆಗೇ ಬರುತ್ತವೆ.

ನಿಜವಾದ ತಲೆನೋವು ವಾಟ್ಸಾಪ್ ಫೋಟೊಗಳದ್ದು. ‘ಐಎಂಜಿ-20240114-ಡಬ್ಲ್ಯುಎ0007’ ಅನ್ನೋ ಥರದ ಹೆಸರಲ್ಲಿರೋದು ಫೋನಿಗೆ ಬಂದ ದಿನಾಂಕ, ತೆಗೆದದ್ದಲ್ಲ. ಕ್ಯಾಮೆರಾ ಫೋಟೊ ಫೈಲಿನೊಳಗೇ ಬರೆದಿಡುವ, ತೆಗೆದ ದಿನಾಂಕವಿರುವ ಎಕ್ಸಿಫ್ ಮಾಹಿತಿ ದಾರೀಲೇ ಉದುರಿಹೋಗಿರುತ್ತೆ. ಮದುವೆ ಮನೆಯವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂತ ಮೊದಲೇ ಹೇಳಿಬಿಡಿ, ಮೂಲ ಫೈಲ್ ಹಾಗೇ ಸಿಗುತ್ತೆ. ಸ್ಕ್ಯಾನ್ ಮಾಡಿದ ಹಳೇ ಫೋಟೊಗಳಿಗಂತೂ ದಿನಾಂಕ ನಾವೇ ತುಂಬಬೇಕು, ಇಲ್ಲದಿದ್ದರೆ ತಾತನ ಮದುವೆ ಈ ವರ್ಷದ ಪಟ್ಟಿಯಲ್ಲಿ ಬಂದು ಕೂರುತ್ತೆ!