ದಿವಾನನ ಕೆಮ್ಮು ಮತ್ತು ನನ್ನ ತೋಳುಗಳು

ನಮ್ಮ ಮನೆಯ ನಾಯಿಗೆ ದಿವಾನ ಎಂದು ಹೆಸರಿಟ್ಟವರು ನನ್ನ ತಾಯಿ. ಎರಡು ತಿಂಗಳ ಮರಿಯಾಗಿ ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಗೆ ಬಂದ ದಿನವೇ ಅವನು, ನಾನು ಕಾಫಿ ತರಲೆಂದು ಎದ್ದುಹೋದ ಬೆತ್ತದ ಕುರ್ಚಿಯನ್ನು ಹೇಗೋ ಏರಿ, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಅರ್ಜಿ ಹಿಡಿದು ಬಂದವರಂತೆ ನೋಡುತ್ತ ಕುಳಿತಿದ್ದ. "ಇವನೇನೋ ದಿವಾನನ ಹಾಗೆ ಕೂತಿದ್ದಾನಲ್ಲೋ" ಎಂದರು ಅಮ್ಮ. ಹೆಸರು ಉಳಿಯಿತು; ಕುರ್ಚಿ ಮಾತ್ರ ನನಗೆ ಮತ್ತೆ ಸಿಗಲಿಲ್ಲ.

ನಮ್ಮ ಮನೆಯಲ್ಲಿ ಮನುಷ್ಯರ ವೈದ್ಯಕೀಯ ಕಾಗದಗಳಿಗೆ ಯಾವ ಬೆಲೆಯೂ ಇಲ್ಲ. ನನ್ನ ಸಕ್ಕರೆ ಕಾಯಿಲೆಯ ವರದಿ ಗ್ಯಾಸ್ ಸಿಲಿಂಡರಿನ ರಸೀದಿಯೊಡನೆ ಎಲ್ಲೋ ಇರುತ್ತದೆ, ಇಲ್ಲವೇ ಅದರ ಹಿಂಬದಿಯಲ್ಲಿ ಯಾರೋ ದಿನಸಿ ಪಟ್ಟಿ ಬರೆದು ಅಂಗಡಿಯಲ್ಲೇ ಬಿಟ್ಟು ಬಂದಿರುತ್ತಾರೆ. ಆದರೆ ದಿವಾನನ ಲಸಿಕೆ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಅದಕ್ಕೆಂದೇ ಜಾಗವಿದೆ, ಮತ್ತು ಅದರ ಮೇಲ್ವಿಚಾರಣೆ ನನ್ನ ಹೆಂಡತಿಯದು. ಮರಿಗೆ ಎಂಟು ವಾರ ತುಂಬಿದಾಗ ಮೊದಲ 'ಸೆವೆನ್ ಇನ್ ಒನ್' ಚುಚ್ಚುಮದ್ದು, ಅದಾದ ಮೇಲೆ 16 ವಾರ ತುಂಬುವ ತನಕ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಮತ್ತೆ ಎಲ್ಲವೂ. ಒಂದು ದಿನಾಂಕವೂ ತಪ್ಪಿಲ್ಲ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದ ನನಗೆ, ಒಂದೇ ಔಷಧಿಗೆ ಇಷ್ಟು ಸಲ ಹಣ ಕೊಡುವುದು ಸರಿಕಾಣದೆ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಲು ಬರುವುದಿಲ್ಲವೇ ಎಂದು ಪಶುವೈದ್ಯರನ್ನು ಕೇಳಿದ್ದೆ. ತಾಯಿಯ ಹಾಲಿನಿಂದ ಮರಿಗೆ ಬಂದ ರಕ್ಷಣೆಯೇ ಲಸಿಕೆಯನ್ನೂ ರೋಗವೆಂದು ತಿಳಿದು ಹೊಡೆದುಹಾಕುತ್ತದೆಂದೂ, ಆ ರಕ್ಷಣೆ ಎಷ್ಟನೆಯ ವಾರದಲ್ಲಿ ಕರಗುತ್ತದೆಂಬುದು ಒಂದೊಂದು ಮರಿಗೆ ಒಂದೊಂದು ರೀತಿ ಆದ್ದರಿಂದ ಮತ್ತೆ ಮತ್ತೆ ಹಾಕಬೇಕೆಂದೂ ಅವರು ತಾಳ್ಮೆಯಿಂದ ವಿವರಿಸಿದರು. "ಅತ್ತೆ ಮನೆಯಲ್ಲಿರೋ ತನಕ ಮಗನಿಗೆ ನಾವು ಹೇಳಿದ ಬುದ್ಧಿ ಹತ್ತಲ್ವಲ್ಲ, ಹಾಗೆ" ಎಂದು ನನ್ನ ಹೆಂಡತಿ ಒಪ್ಪಿಕೊಂಡಳು. ವೈದ್ಯರಿಗೆ ಬಹಳ ನಗು ಬಂತು.

ಇಷ್ಟೆಲ್ಲ ಶಿಸ್ತಿದ್ದೂ ಕಳೆದ ಮಾಘ ಮಾಸದಲ್ಲಿ ಎಡವಿದೆವು. ಉಡುಪಿಯಲ್ಲಿ ಮದುವೆಯಿತ್ತು. ದಿವಾನನನ್ನು ನಾಲ್ಕು ದಿನದ ಮಟ್ಟಿಗೆ ನಾಯಿಗಳನ್ನು ನೋಡಿಕೊಳ್ಳುವ ಒಂದು ವಸತಿಗೃಹದಲ್ಲಿ ಬಿಟ್ಟುಹೋದೆವು. ಅಲ್ಲಿಯವರು "ಲಸಿಕೆ ಎಲ್ಲ ಆಗಿದೆಯಾ?" ಎಂದು ಕೇಳಿದಾಗ ನಾನು ಪುಸ್ತಕವನ್ನು ಪಾಸ್‌ಪೋರ್ಟಿನಂತೆ ಮುಂದೆ ಹಿಡಿದೆ. ಅವರು ತೆರೆದೂ ನೋಡಲಿಲ್ಲವೆಂಬುದು ನನಗೆ ಆಗ ಗೌರವವೆನಿಸಿತ್ತು.

ಮರಳಿ ಬಂದ ಐದನೆಯ ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಪಡಸಾಲೆಯಲ್ಲಿ ಯಾರೋ ಹಳೆಯ ಬಸ್ಸಿನ ರಬ್ಬರ್ ಹಾರ್ನನ್ನು ಹಿಚುಕಿದಂತೆ ಸದ್ದಾಯಿತು. ದೀಪ ಹಾಕಿದರೆ ದಿವಾನ ಕತ್ತು ಚಾಚಿ, ಬೆನ್ನು ಬಾಗಿಸಿ ಕೆಮ್ಮುತ್ತಿದ್ದ. ಕೆಮ್ಮಿ ಕೆಮ್ಮಿ ಕೊನೆಗೆ ಒಂದಿಷ್ಟು ಬಿಳಿ ನೊರೆ ಕಕ್ಕಿದ. ಮೂಗಿನಿಂದ ನೀರೂ ಸೋರುತ್ತಿತ್ತು. ಮದುವೆ ಮನೆಗೆ ಹೋದವರು ನಾವು, ನೆಗಡಿ ತಂದವನು ಇವನೇ ಎಂದು ಯೋಚಿಸುವಷ್ಟು ಸಮಾಧಾನ ನನಗಿರಲಿಲ್ಲ. ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡಿದೆಯೆಂದೇ ತೀರ್ಮಾನಿಸಿ ಬಾಯಿ ತೆರೆಸಿ ಎರಡು ಬೆರಳು ಹಾಕಿದೆ. ಮೂಳೆ ಸಿಗಲಿಲ್ಲ, ಮತ್ತೊಂದು ಕೆಮ್ಮು ಸಿಕ್ಕಿತು. ಬಾಯಿ ಮುಚ್ಚಿಕೊಂಡಿತು. ಬೆರಳ ಗೆಣ್ಣಿನ ಮೇಲೆ ರಕ್ತ ಬರದ ಒಂದು ಸಣ್ಣ ಗೀರು ಉಳಿಯಿತು.

ಅಂಥ ಗೀರನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕೆಂದು ಹೆಂಡತಿಗೆ ಗೊತ್ತಿತ್ತು. ರಾತ್ರಿ ಎರಡೂವರೆಗೆ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತಾಗ 15 ನಿಮಿಷವೆಂಬುದು ಎಷ್ಟು ದೀರ್ಘವೆಂಬುದು ಅರಿವಾಗುತ್ತದೆ. ಒಂಬತ್ತನೆಯ ನಿಮಿಷಕ್ಕೆ ಅಮ್ಮ ಎದ್ದುಬಂದು, ಟ್ಯಾಂಕು ಖಾಲಿಯಾದರೆ ಬೆಳಗಿನ ಸ್ನಾನಕ್ಕೆ ನಿನ್ನ ಬೆರಳನ್ನೇ ಹಿಂಡಬೇಕು ಎಂದರು.

ಆಮೇಲೆ ದಿವಾನನ ಮೂಗು ಮುಟ್ಟಿದೆ, ಒಣಗಿತ್ತು. ಒಣಮೂಗು ಜ್ವರದ ಗುರುತೆಂದು ಎಲ್ಲರೂ ಹೇಳುತ್ತಾರೆ. ಮನೆಯ ಥರ್ಮಾಮೀಟರನ್ನು ಅವನ ಮುಂಗಾಲಿನ ಕಂಕುಳಲ್ಲಿಟ್ಟು ತಬ್ಬಿ ಕುಳಿತೆ. 100.6 ಡಿಗ್ರಿ ತೋರಿಸಿತು. ಹಾಗೆಯೇ ಪೆಟ್ಟಿಗೆಯಿಂದ ಪ್ಯಾರಾಸಿಟಮಾಲ್ ತೆಗೆದು, ಅರ್ಧವೋ ಪೂರ್ತಿಯೋ ಎಂದು ಯೋಚಿಸುತ್ತಿದ್ದಾಗ ಹೆಂಡತಿ ಗುಳಿಗೆಯನ್ನು ಕಿತ್ತುಕೊಂಡು, "ಡಾಕ್ಟರನ್ನ ಕೇಳದೆ ನೀವೂ ಏನೂ ನುಂಗಬೇಡಿ, ಅವನಿಗೂ ನುಂಗಿಸಬೇಡಿ" ಎಂದಳು.

ಬೆಳಿಗ್ಗೆ ವೈದ್ಯರು ಥರ್ಮಾಮೀಟರನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟರು. ದಿವಾನ ತನ್ನ ಪದವಿಗೆ ತಕ್ಕ ಮುಖಭಾವದಿಂದ ಗೋಡೆಯನ್ನೇ ನೋಡುತ್ತ ನಿಂತ. 101.8 ಬಂತು. ನಾನು ಹೌಹಾರಿದೆ. ನಾಯಿಯ ಮೈ ಸಹಜವಾಗಿಯೇ 101ರಿಂದ 102.5ರವರೆಗೆ ಬಿಸಿಯಿರುತ್ತದೆಂದೂ, ಒಣಮೂಗಿಗೂ ಜ್ವರಕ್ಕೂ ನೆಚ್ಚಬಹುದಾದ ಸಂಬಂಧವಿಲ್ಲವೆಂದೂ ಅವರು ಹೇಳಿದರು. ಪ್ಯಾರಾಸಿಟಮಾಲ್ ಸುದ್ದಿ ಕೇಳಿ ಮಾತ್ರ ಅವರ ನಗು ನಿಂತಿತು. ಮನುಷ್ಯರ ಲೆಕ್ಕದಲ್ಲಿ ಕೊಟ್ಟ ಆ ಗುಳಿಗೆ ನಾಯಿಯ ಯಕೃತ್ತನ್ನೇ ಕೆಡಿಸಬಲ್ಲುದಂತೆ.

ಅನಂತರ ಅವರು ಪುಸ್ತಕವನ್ನು ಪುಟ ಪುಟವಾಗಿ ನೋಡಿದರು. ಡಿಸ್ಟೆಂಪರ್ ಎಂಬ ಮಾರಕ ರೋಗವೂ ಹೀಗೆಯೇ ನೆಗಡಿ, ಕೆಮ್ಮು, ಕಣ್ಣಿನ ಪಿಸುರಿನಿಂದ ಶುರುವಾಗುವುದರಿಂದ ಅದರ ಲಸಿಕೆಯ ದಿನಾಂಕಗಳನ್ನು ನೋಡದೆ ಅವರು ಮಾತನಾಡುವುದಿಲ್ಲವಂತೆ. ಹೆಂಡತಿ ನನ್ನತ್ತ ನೋಡಿದ ನೋಟದಲ್ಲಿ ಆ ಪ್ಲಾಸ್ಟಿಕ್ ಹೊದಿಕೆಯ ಪೂರ್ಣ ಸಮರ್ಥನೆಯಿತ್ತು. ವೈದ್ಯರು ಶ್ವಾಸನಾಳದ ಮೇಲೆ ಮೆಲ್ಲಗೆ ಬೆರಳೊತ್ತಿದ ಕೂಡಲೇ ಬಸ್ಸಿನ ಹಾರ್ನ್ ಮತ್ತೆ ಮೊಳಗಿತು. "ಕೆನಲ್ ಕಾಫ್ ಸಾರ್. ಹತ್ತು ನಾಯಿ ಒಟ್ಟಿಗಿದ್ದ ಕಡೆ ಒಂದು ಕೆಮ್ಮಿದರೆ ಸಾಕು. ಇದರ ಮುಖ್ಯ ಬ್ಯಾಕ್ಟೀರಿಯ ಬೋರ್ಡೆಟೆಲ್ಲ ನಿಮ್ಮ ಏಳರ ಪಟ್ಟಿಯಲ್ಲಿಲ್ಲ, ಅದಕ್ಕೆ ಲಸಿಕೆ ಬೇರೆ ಇದೆ" ಎಂದರು. ಹೆಚ್ಚಾಗಿ ಎರಡು ಮೂರು ವಾರದಲ್ಲಿ ತಾನಾಗಿ ಹೋಗುವ ಕಾಯಿಲೆಯೆಂದೂ, ಕೊರಳಪಟ್ಟಿ ತೆಗೆದು ಎದೆಪಟ್ಟಿ ಹಾಕಬೇಕೆಂದೂ, ಕುಕ್ಕರಹಳ್ಳಿ ಕೆರೆಯ ವಾಯುಸೇವನೆಯನ್ನು ನಿಲ್ಲಿಸಿ ಬೇರೆ ನಾಯಿಗಳಿಂದ ದೂರವಿಡಬೇಕೆಂದೂ, ಊಟ ಬಿಟ್ಟರೆ, ಜ್ವರ ಬಂದರೆ, ಉಸಿರಾಟ ಕಷ್ಟವಾದರೆ ಒಂದು ಗಂಟೆಯೂ ಕಾಯದೆ ಕರೆತರಬೇಕೆಂದೂ ಹೇಳಿದರು. ಹೊರಡುವಾಗ ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು.

ಹೀಗೆ, ಕೆಮ್ಮು ಬಂದವನಿಗೆ ಒಂದೂ ಸೂಜಿಯಿಲ್ಲದೆ, ನಾನು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ನೆರೆಹೊರೆಯವರೆಲ್ಲ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಆಗಲೇ ನನ್ನನ್ನು ಬೀಳ್ಕೊಟ್ಟಿದ್ದರು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತು ಸುಮಾರು ಎರಡು ದಶಕವಾದರೂ ಅದರ ಕೀರ್ತಿ ನಿಂತಿಲ್ಲ. ಈಗ ಎರಡು ತೋಳಿಗೂ ಒಂದೊಂದು, ಚರ್ಮದಲ್ಲೇ ಸಣ್ಣ ಚುಚ್ಚು. ಮೊದಲ ದಿನ, ಆಮೇಲೆ ಮೂರನೆಯ, ಏಳನೆಯ, 28ನೆಯ ದಿನ. ಹತ್ತು ದಿನ ನಾಯಿ ಆರೋಗ್ಯವಾಗಿದ್ದರೆ ಕೊನೆಯದು ಬೇಡವಾಗಬಹುದು ಎಂದರು. ಅಂದರೆ ನನ್ನ ತೋಳುಗಳ ಹಣೆಬರಹ ದಿವಾನನ ಕೈಯಲ್ಲಿತ್ತು.

ಏಳನೆಯ ದಿನ, ಸಾಲು ಬಾಗಿಲಿನಾಚೆಗೂ ಬೆಳೆದಿದ್ದಾಗ, ನರ್ಸಮ್ಮ ದೊಡ್ಡ ದನಿಯಲ್ಲಿ "ನಾಯಿ ಹೇಗಿದೆ?" ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, "ಬಾಯಲ್ಲಿ ಸ್ವಲ್ಪ ನೊರೆ ಬರುತ್ತದೆ, ಊಟ ಕಡಿಮೆ, ಬೊಗಳುವ ದನಿಯೂ ಬದಲಾಗಿದೆ" ಎಂದೆ. ರೇಬಿಸ್ ಬಂದ ನಾಯಿಯ ವರ್ಣನೆ ಇದಕ್ಕಿಂತ ಚೆನ್ನಾಗಿ ಯಾವ ಭಿತ್ತಿಪತ್ರದಲ್ಲೂ ಇರಲಾರದು. ನನ್ನ ಹಿಂದಿದ್ದವರು ಎರಡು ಹೆಜ್ಜೆ ಸರಿದರು. ಒಳಗಿನಿಂದ ವೈದ್ಯರೇ ಎದ್ದು ಬಂದರು. ಕೆನಲ್ ಕಾಫ್ ಎಂದರೆ ಏನೆಂದು ನಾನು ತೊದಲುತ್ತಿರುವಾಗ ಹೆಂಡತಿ ಕೈಚೀಲದಿಂದ ಲಸಿಕೆ ಪುಸ್ತಕವನ್ನೂ ಪಶುವೈದ್ಯರ ಚೀಟಿಯನ್ನೂ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯರು ರೇಬಿಸ್ ಪುಟ ನೋಡಿ, ನನ್ನನ್ನು ನೋಡಿ, "ಇನ್ನು ಮುಂದೆ ವಿವರ ಎಲ್ಲ ಇವರೇ ಹೇಳಲಿ" ಎಂದರು.

ಮನೆಯ ಆರೈಕೆಯಲ್ಲಿ ನಾನು ಇಷ್ಟು ನಿಷ್ಠೆ ತೋರಿಸಿದ್ದಕ್ಕೆ ಸ್ವಾರ್ಥವೇ ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಮೂಗು ಕಟ್ಟಿದ ನಾಯಿಗೆ ವಾಸನೆ ತಿಳಿಯದೆ ಊಟ ಸೇರುವುದಿಲ್ಲವಾದ್ದರಿಂದ ಅನ್ನ, ಬೇಯಿಸಿದ ಮೊಟ್ಟೆಗಳನ್ನು ಉಗುರುಬೆಚ್ಚಗೆ ಮಾಡಿ ಕೊಡುತ್ತಿದ್ದೆ. ಪಕ್ಕದ ಮನೆಯವರು ಬೆಳ್ಳುಳ್ಳಿ ಕಷಾಯ ತಂದುಕೊಟ್ಟರು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷವಾದ್ದರಿಂದ, ಅವರ ಮನಸ್ಸು ನೋಯಬಾರದೆಂದು ನಾನೇ ಕುಡಿದೆ. ದಿನಕ್ಕೆರಡು ಸಲ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು, ಹಬೆಯಲ್ಲಿ ಇಬ್ಬರೂ ಹತ್ತು ನಿಮಿಷ ಕೂರುತ್ತಿದ್ದೆವು. ಅವನು ನಿದ್ದೆ ಮಾಡುತ್ತಿದ್ದ. ವರ್ಷಗಳಿಂದ ಕಟ್ಟಿಕೊಂಡಿದ್ದ ನನ್ನ ಎಡಹೊಳ್ಳೆ ತೆರೆದುಕೊಂಡಿತು.

ಹತ್ತನೆಯ ದಿನ ದಿವಾನ ತಟ್ಟೆ ನೆಕ್ಕಿ, ಪೋಸ್ಟ್‌ಮ್ಯಾನ್‌ಗೆ ಒಡಕು ದನಿಯಲ್ಲಿ ಬೊಗಳಿ, ಕುರ್ಚಿಯೇರಿದ. 28ನೆಯ ದಿನದ ಚುಚ್ಚು ಬೇಡವೆಂದಾಯಿತು. ಕೆಮ್ಮು ಪೂರ್ತಿ ಹೋದದ್ದು ಮೂರನೆಯ ವಾರದಲ್ಲಿ.

ಬೇಸಿಗೆಯ ಪ್ರಯಾಣಕ್ಕೆ ಒಂದು ತಿಂಗಳು ಮೊದಲೇ ಕೆನಲ್ ಕಾಫ್ ಲಸಿಕೆಗೆ ಕರೆದೊಯ್ದೆವು. ಅದು ಸೂಜಿಯಲ್ಲ, ಮೂಗಿಗೆ ಹನಿಸುವಂಥದ್ದು. ತಲೆ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಹನಿ ಒಳಹೋದದ್ದೇ ತಡ, ದಿವಾನ ನನ್ನ ಕನ್ನಡಕದ ಮೇಲೆ ಸೀನಿದ. ಸಾಕಷ್ಟು ಒಳಗೇ ಹೋಗಿದೆ ಎಂದು ಭರವಸೆ ಕೊಟ್ಟು ವೈದ್ಯರು ಪುಸ್ತಕದಲ್ಲಿ ಹೊಸ ಚೀಟಿ ಅಂಟಿಸಲು ಹೊರಟಾಗ, ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಮಡಚಿದ ಒಂದು ಕಾಗದ ಜಾರಿಬಿತ್ತು. ಸರ್ಕಾರಿ ಆಸ್ಪತ್ರೆಯವರು ಕೊಟ್ಟಿದ್ದ, ನನ್ನ ಹೆಸರಿನ ಇಂಜೆಕ್ಷನ್ ಚೀಟಿ.

"ಅಲ್ಲಿದ್ರೆ ಕಳೆಯಲ್ಲ" ಎಂದಳು ಹೆಂಡತಿ.