ಎಷ್ಟನೇ ಪುಟ?

ಮಗಳು ಪಿಯಾನೋ ಕಲಿಯಲು ಶುರು ಮಾಡಿ 10 ತಿಂಗಳಾಯಿತು. ಕಲಿಯುವುದು ಅವಳು, ಲೆಕ್ಕ ಇಡುವುದು ನಾನು. ಮೊದಲ 6 ತಿಂಗಳಿಗೆ 40 ಪುಟ ಸರಸರ ಮುಗಿದವು. 41ನೇ ಪುಟಕ್ಕೆ ಬಂದು ಗಾಡಿ ನಿಂತಿತು. ವಾರಗಳು ಕಳೆದರೂ ಅದೇ ಪುಟ. ದುಡ್ಡು ಕೊಟ್ಟವರ ಹೊಟ್ಟೆಯೊಳಗೆ ಏನೋ ಶುರುವಾಗುತ್ತದೆ, ಅಲ್ವಾ?

ಜರ್ಮನಿಯ ಹೆಸರಾಂತ ಸಂಗೀತಗಾರ ಬಾಖ್ 1720ರಲ್ಲಿ ತನ್ನ 9 ವರ್ಷದ ದೊಡ್ಡ ಮಗನಿಗಾಗಿ ಪಾಠದ ಪುಸ್ತಕ ಬರೆಯಲು ಕೂತ. ಸ್ವರಗಳ ಹೆಸರಿನಿಂದಲೇ ಶುರು. ನಾನು ಬರೆದದ್ದು ಪುಟಗಳ ಲೆಕ್ಕ ಮಾತ್ರ.

ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಆ 41ನೇ ಪುಟದ ಮುಂದೆ ನಾನೇ ಕೂತೆ. ಬಲಗೈ ಓಡಬೇಕು, ಎಡಗೈ ಕಾಯಬೇಕು. ನನ್ನ ಎಡಗೈ ಸುಮ್ನೆ ಬಲಗೈಯನ್ನು ನಕಲು ಹೊಡೆಯಿತು. ಇನ್ನು ಆ ನಾಲ್ಕನೇ ಬೆರಳು! ಪಿಯಾನೋದಲ್ಲಿ ಹೆಬ್ಬೆರಳೇ 1, ಹಾಗಾಗಿ ಉಂಗುರದ ಬೆರಳು 4. ನಡುಬೆರಳು ಮಡಚಿ, ಅಂಗೈ ಮೇಜಿಗೆ ಊರಿ, ಅದೊಂದನ್ನೇ ಎತ್ತಿ ನೋಡಿ. ಏಳುವುದಿಲ್ಲ. ಬೆರಳುಗಳನ್ನು ಎತ್ತುವ ನರದಂಥ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೆಳಗಿನ 'ಸ'ದಿಂದ ಮೇಲಿನ 'ಸ'ಕ್ಕೆ ಸುಮಾರು 16.5 ಸೆಂ.ಮೀ. ದೂರ. ಪುಟ್ಟ ಕೈ ಅಲ್ಲಿಗೆ ಮುಟ್ಟದಿದ್ದರೆ ಅದು ಸೋಮಾರಿತನವಲ್ಲ. ಕೈ ಬೆಳೆಯಬೇಕು, ಅಷ್ಟೇ.

ಆದರೂ ಟೀಚರ್ ಹತ್ತಿರ ಕೇಳಿಯೇಬಿಟ್ಟೆ, "ಇವಳು ಹಿಂದೆ ಬಿದ್ದಿದ್ದಾಳಾ?" ಇವಳ ಜೊತೆ ಸೇರಿದ ಹುಡುಗ ಆಗಲೇ ಗ್ರೇಡ್ 1 ಪರೀಕ್ಷೆಗೆ ಕೂತಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೆ ಗೊತ್ತಾಯಿತು. "ತಪ್ಪಾದಾಗ ಎಲ್ಲಿಂದ ಮತ್ತೆ ಶುರು ಮಾಡ್ತಾಳೆ, ಅದನ್ನ ಕೇಳಿಸ್ಕೊಳ್ಳಿ" ಎಂದರು.

ಕೇಳಿಸಿಕೊಂಡೆ. ಮೊದಲೆಲ್ಲ ಎಲ್ಲಿ ಎಡವಿದರೂ ಮೊದಲಿಗೇ ಓಡುತ್ತಿದ್ದಳು. ಅದಕ್ಕೇ ಅವಳ ಹಾಡುಗಳ ಮೊದಲ ಸಾಲು ಮಲ್ಲಿಗೆ, ಕೊನೆಯ ಸಾಲು ಮುಳ್ಳು. ಈಗ ಹಾಗಿಲ್ಲ. ಎಡವಿದ ಜಾಗದಲ್ಲೇ ನಿಲ್ಲುತ್ತಾಳೆ. ಎಡಗೈಯನ್ನಷ್ಟೇ ನಿಧಾನಕ್ಕೆ ನಾಲ್ಕು ಸಲ ಆಡಿಸಿ, ಆಮೇಲೆ ಬಲಗೈ ಸೇರಿಸುತ್ತಾಳೆ. ಇದು ಯಾವಾಗ ಬಂತೋ! ನನ್ನ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ನಿನ್ನೆ ಚೆನ್ನಾಗಿ ನುಡಿಸುತ್ತಿದ್ದವಳು ತಟ್ಟನೆ ನಿಂತಳು.

"ಯಾಕೆ, ಸರಿಯಾಗೇ ಇತ್ತಲ್ಲ?"

"ಎಡಗೈ ಜೋರಾಯ್ತು. ಕೇಳಿಸ್ಲಿಲ್ವಾ?"

ನಿಜವಾಗಿಯೂ ಕೇಳಿಸಿರಲಿಲ್ಲ.